ಎರಡು ಸಲ ಊದಿದರು

ಮಾರ್ಚ್ 3, ಸೋಮವಾರ

ಇವತ್ತು ಸೇತುವೆ ದಾಟಿದೆ. ಹನ್ನೊಂದು ವರ್ಷದ ಮೇಲೆ ಈಚೆ ದಡದಿಂದ ಆಚೆ ದಡಕ್ಕೆ ಹೋದ ಮೊದಲ ಬಸ್ಸು ನನ್ನದು. ಪೇಪರಿನವರು ಫೋಟೊ ತೆಗೆದರು. ನನ್ನ ಮುಖ ಕಾಣದಿದ್ದರೆ ಸಾಕಪ್ಪಾ ಎಂದು ಸ್ಟೇರಿಂಗ್ ಮೇಲೆ ಬಗ್ಗಿಕೊಂಡು ಕೂತಿದ್ದೆ.

ಇದು ನಾನು ಕೇಳಿ ಪಡೆದ ಕೆಲಸವಲ್ಲ. ಶಾಂತಿ ಒಪ್ಪಂದದಲ್ಲಿ ಹಾಗೆ ಬರೆದಿದೆಯಂತೆ. ಒಂದು ಬಸ್ಸು, ವಾರಕ್ಕೆ ಎರಡು ದಿನ, ಡ್ರೈವರ್ ಈಚೆಯವನು, ಕಂಡಕ್ಟರ್ ಆಚೆಯವನು. ಎರಡೂ ದಡದವರಲ್ಲಿ ನಂಬಿಕೆ ಬೆಳೆಯಲಿ ಅಂತ. ಡಿಪೋದಲ್ಲಿ ಮ್ಯಾನೇಜರ್ ‘ಯಾರು ಹೋಗ್ತೀರಿ’ ಎಂದಾಗ ಎಲ್ಲರೂ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದರು. ನಾನು ಚಪ್ಪಲಿ ಹಾಕಿದ್ದೆ, ಸಿಕ್ಕಿಬಿದ್ದೆ.

ಕಂಡಕ್ಟರ್ ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ಸಣಕಲ, ಕಿವಿ ಮಾತ್ರ ದೊಡ್ಡದು. ‘ನಮಸ್ಕಾರ ಡ್ರೈವರಣ್ಣ’ ಎಂದ. ನಾನು ಇಂಜಿನ್ ಶುರು ಮಾಡಿದೆ. ಅದೇ ನನ್ನ ಉತ್ತರ.

ಸೇತುವೆಯ ಗೇಟಿನಲ್ಲಿ ಇನ್ನೊಂದು ಸಲ ಮರ್ಯಾದೆ ಹೋಯಿತು. ತಪಾಸಣೆ ಮುಗಿದ ಮೇಲೆ ಅವನು ಒಂದು ಸಲ ವಿಷಲ್ ಊದಿದ. ನಾನು ಕೂತೇ ಇದ್ದೆ. ಮತ್ತೆ ಒಂದು ಸಲ. ಕೂತೇ ಇದ್ದೆ. ಕೊನೆಗೆ ಮುಂದೆ ಬಂದು ‘ಯಾಕೆ ಹೊರಡ್ತಿಲ್ಲ?’ ಎಂದ. ‘ಒಂದು ಊದಿದ್ರೆ ನಿಲ್ಲು ಅಂತ ತಾನೆ? ನಿಂತೇ ಇದೀನಲ್ಲ’ ಎಂದೆ. ‘ನಮ್ಮಲ್ಲಿ ಒಂದು ಅಂದ್ರೆ ಹೊರಡು, ಎರಡು ಅಂದ್ರೆ ನಿಲ್ಲು’ ಎಂದ. ನಮ್ಮಲ್ಲಿ ತದ್ವಿರುದ್ಧ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ಗೇಟಿನ ಸಿಪಾಯಿಗಳೂ ನಕ್ಕರು. ಅವನ ಜೊತೆ ಸೇರಿಸಿ ನನ್ನನ್ನೂ ನೋಡಿ ನಕ್ಕರಲ್ಲ ಎಂದು ಮೈ ಉರಿಯಿತು.

ಮನೆಗೆ ಬಂದರೆ ಅಮ್ಮ ತಟ್ಟೆ ಕುಕ್ಕಿ ಒಳಗೆ ಹೋದಳು. ಅಣ್ಣ ಸತ್ತದ್ದು ಆಚೆಯವರ ಗುಂಡಿಗೆ. ಅವನ ಕೋಟು ಇನ್ನೂ ಅದೇ ಮೊಳೆಯಲ್ಲಿದೆ. ಅದರ ಎದುರು ಕೂತು ಉಂಡೆ. ತುತ್ತು ಇಳಿಯಲಿಲ್ಲ ಎಂದು ಬರೆದರೆ ಸುಳ್ಳು. ಹಸಿವಾಗಿತ್ತು, ಇಳಿಯಿತು. ಅದಕ್ಕೂ ನಾಚಿಕೆಯಾಯಿತು.

ಮಾರ್ಚ್ 6, ಗುರುವಾರ

ಮ್ಯಾನೇಜರ್ ಆದೇಶ ಕೊಟ್ಟರು. ಬಸ್ಸು ನಮ್ಮ ಡಿಪೋದ್ದು, ವಿಷಲ್ ಪದ್ಧತಿಯೂ ನಮ್ಮದೇ. ಒಂದು ನಿಲ್ಲು, ಎರಡು ಹೊರಡು. ಅವನು ತಲೆಯಾಡಿಸಿದ. ಮಾರ್ಕೆಟ್ ಸ್ಟಾಪಿನಲ್ಲಿ ಊದುವ ಮೊದಲು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದುದನ್ನು ಕನ್ನಡಿಯಲ್ಲಿ ನೋಡಿದೆ. ಗೆದ್ದ ಹಾಗೆ ಅನಿಸಿತು.

ಕ್ಷೌರದಂಗಡಿಯವನು ಕೆನ್ನೆಗೆ ನೊರೆ ಹಚ್ಚುತ್ತಾ, ‘ಆಚೆಯವನು ಊದ್ತಾನಂತೆ, ನೀನು ಓಡ್ತೀಯಂತೆ’ ಎಂದ. ಕತ್ತಿ ಗಂಟಲ ಹತ್ತಿರ ಇರುವಾಗ ಯಾರಾದರೂ ಉತ್ತರ ಕೊಡುತ್ತಾರಾ?

ಅತ್ತಿಗೆ ಸಂಜೆ ಬಟ್ಟೆ ಮಡಚುತ್ತಾ ಕೇಳಿದಳು, ‘ಆ ಕಡೆ ಬಸ್‌ಸ್ಟ್ಯಾಂಡ್ ಹತ್ತಿರ ಹಿಟ್ಟಿನ ಗಿರಣಿ ಇದೆಯಾ ಇನ್ನೂ?’ ಇದೆ ಎಂದೆ. ‘ಓಡುತ್ತಾ?’ ‘ಓಡುತ್ತೆ, ನಿಂಗ್ಯಾಕೆ?’ ಸುಮ್ಮನೆ ಎಂದಳು. ಅವಳ ತವರು ಆಚೆ ಎಂಬುದು ನನಗೆ ಮರೆತೇಹೋಗಿತ್ತು. ಮದುವೆಯಾಗಿ ಬಂದ ಮರುವರ್ಷವೇ ಸೇತುವೆ ಮುಚ್ಚಿದ್ದು. ಅಣ್ಣ ಹೋದ ಮೇಲೆ ಈ ಮನೆಯಲ್ಲಿ ಆ ಊರಿನ ಹೆಸರನ್ನು ಯಾರೂ ಎತ್ತಿಲ್ಲ, ಅವಳೂ ಎತ್ತಿಲ್ಲ.

ಮಾರ್ಚ್ 17, ಸೋಮವಾರ

ಆಚೆ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕಾಯಬೇಕು. ಇಷ್ಟು ದಿನ ನಾನು ನನ್ನ ಸೀಟಿನಲ್ಲಿ, ಕಂಡಕ್ಟರ್ ಹಿಂದಿನ ಮೆಟ್ಟಿಲ ಮೇಲೆ. ಇವತ್ತು ಬಿಸಿಲು ಜಾಸ್ತಿ, ನೆರಳು ಇದ್ದದ್ದು ಒಂದೇ ಕಡೆ. ಇಬ್ಬರೂ ಗೋಡೆಗೆ ಒರಗಿ ಚಹಾ ಕುಡಿದೆವು. ಸುಮ್ಮನಿರಲಾರದೆ ಕೇಳಿದೆ, ‘ನಿಮ್ಮಲ್ಲಿ ಯಾಕ್ರೀ ಉಲ್ಟಾ? ಮೊದಲು ಎಲ್ಲ ಕಡೆ ಒಂದೇ ಇತ್ತಲ್ಲ.’

ಕಂಡಕ್ಟರ್ ಹೇಳಿದ್ದು ಇದು. ಯುದ್ಧ ಶುರುವಾದ ಮೇಲೆ ಅವರ ಕಡೆ ಚರ್ಚಿನ ಗಂಟೆಯಿಂದ ಹಿಡಿದು ಶಾಲೆಯ ಗಂಟೆಯವರೆಗೆ ಎಲ್ಲ ನಿಲ್ಲಿಸಿದರು. ಬೀದಿ ಬೀದಿಯಲ್ಲಿ ಕಾವಲಿನವರಿಗೆ ವಿಷಲ್ ಕೊಟ್ಟರು. ಎರಡು ಸಲ ಊದಿದರೆ ಶೆಲ್ ಬರುತ್ತಿದೆ, ಇದ್ದಲ್ಲೇ ನಿಲ್ಲಬೇಕು, ನೆಲಕ್ಕೆ ಮಲಗಬೇಕು ಎಂದು ಅರ್ಥ. ಹಾಗಿರುವಾಗ ಬಸ್ಸಿನಲ್ಲಿ ಎರಡು ಊದಿ ಹೊರಡು ಅಂದರೆ ಹೇಗೆ? ಒಂದು ಸಲ ಹಾಗೇ ಆಯಿತಂತೆ. ಯಾರೋ ಒಬ್ಬ ಕಂಡಕ್ಟರ್ ಹೊರಡು ಎಂದು ಊದಿದ, ಸ್ಟ್ಯಾಂಡಿನಲ್ಲಿದ್ದವರೆಲ್ಲ ನೆಲಕ್ಕೆ ಬಿದ್ದರು, ಬಸ್ಸು ಹೊರಟೇಬಿಟ್ಟಿತು. ಅದಾದ ಮೇಲೆ ಬದಲಾಯಿಸಿದರು.

‘ಯಾವ ಕಡೆಯಿಂದ ಬರ್ತಿತ್ತು ಶೆಲ್ಲು?’ ಎಂದು ಕೇಳಿಬಿಟ್ಟೆ.

ಕಂಡಕ್ಟರ್ ನನ್ನನ್ನು ನೋಡಲಿಲ್ಲ. ಲೋಟದ ತಳದ ಚಹಾ ಚೆಲ್ಲಿ, ‘ಗುಡ್ಡದ ಕಡೆಯಿಂದ’ ಎಂದರು.

ಗುಡ್ಡ ನಮ್ಮದು. ಅಣ್ಣ ಆ ಗುಡ್ಡದ ಫಿರಂಗಿಯ ಹತ್ತಿರವೇ ನಾಲ್ಕು ವರ್ಷ ಇದ್ದ, ಅಲ್ಲೇ ಸತ್ತ. ಅದು ಎಲ್ಲಿಗೆ ಹೊಡೆಯುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆಚೆಗೆ ಹೊಡೆಯುತ್ತದೆ, ಅಷ್ಟೇ. ನಲವತ್ತು ದಾಟಿದ ಕತ್ತೆ ಕೇಳುವ ಪ್ರಶ್ನೆಯಾ ಅದು? ವಾಪಸು ಬರುವಾಗ ಕನ್ನಡಿ ನೋಡಲಿಲ್ಲ. ಆ ಕಿವಿಗಳು ಕಾಣುತ್ತವೆ ಎಂದು.

ಮಾರ್ಚ್ 27, ಗುರುವಾರ

ಇವತ್ತು ಸ್ವಲ್ಪದರಲ್ಲಿ ತಪ್ಪಿತು. ಮಾರ್ಕೆಟ್ ಸ್ಟಾಪಿನಲ್ಲಿ ಯಾರದ್ದೋ ಚೀಲ ಬಾಗಿಲಿಗೆ ಸಿಕ್ಕಿತ್ತು. ಕಂಡಕ್ಟರ್ ಗಾಬರಿಯಲ್ಲಿ ಎರಡು ಊದಿದರು. ನಾನು ಹೊರಟೆ. ತಗಡು ಬಡಿದು ಕೂಗಿದ ಮೇಲೆ ನಿಲ್ಲಿಸಿದೆ. ಚೀಲ ಹರಿಯಿತು, ಬೇರೇನೂ ಆಗಲಿಲ್ಲ.

ಕೊನೆಯ ಸ್ಟಾಪಿನಲ್ಲಿ ಬಂದು ನಿಂತರು. ವಿಷಲ್ ಅಂಗಿಗೆ ಒರೆಸುತ್ತಿದ್ದರು. ‘ನೆಮ್ಮದಿಯಾಗಿದ್ದಾಗ ಸರಿಯಾಗೇ ಊದ್ತೀನಿ ಡ್ರೈವರಣ್ಣ. ಹೆದರಿಕೆಯಾದ್ರೆ ಬಾಯಿ ನನ್ನ ಮಾತು ಕೇಳಲ್ಲ. ಎರಡೇ ಬರುತ್ತೆ.’

ಯೋಚಿಸಿದೆ. ಅವರಿಗೆ ಅದನ್ನು ಕಲಿಸಿದ್ದು ಶೆಲ್ಲು. ನನಗೆ ಕಲಿಸಿದ್ದು ಡಿಪೋ. ಡಿಪೋ ಕಲಿಸಿದ್ದನ್ನು ಮರೆಯೋದು ಏನು ಮಹಾ? ‘ಮುಂದಿನ ಸಲದಿಂದ ನಿಮ್ದೇ ಇರಲಿ. ಒಂದು ಹೊರಡು, ಎರಡು ನಿಲ್ಲು. ನಾನು ಹೊಂದ್ಕೊಳ್ತೀನಿ’ ಎಂದೆ.

‘ನಿಮ್ಮವರಿಗೆ ಗೊತ್ತಾದ್ರೆ?’

‘ನೀವು ಹೇಳ್ಬೇಡಿ, ನಾನು ಹೇಳಲ್ಲ.’

ನಕ್ಕರು. ಮುಂದಿನ ಎರಡು ಹಲ್ಲಿಲ್ಲ, ಇವತ್ತೇ ನೋಡಿದ್ದು. ‘ಹಲ್ಲಿಲ್ಲದೆ ಹೇಗೆ ಊದ್ತೀರಿ?’ ಎಂದೆ. ‘ಗಾಳಿ ಹೋಗೋಕೆ ಜಾಗ ಜಾಸ್ತಿ’ ಎಂದರು. ಬಹಳ ದಿನದ ಮೇಲೆ ಹೊಟ್ಟೆ ತುಂಬಾ ನಕ್ಕೆ. ಮನೆ ಹತ್ತಿರ ಬರುತ್ತಿದ್ದಂತೆ ಮುಖ ಸರಿಮಾಡಿಕೊಂಡೆ.

ಏಪ್ರಿಲ್ 9, ಬುಧವಾರ

ಮನೆಯಲ್ಲಿ ರಣರಂಗ. ಅತ್ತಿಗೆ ಯಾರಿಗೂ ಹೇಳದೆ ಸೇತುವೆ ದಾಟುವ ಪಾಸ್‌ಗೆ ಅರ್ಜಿ ಹಾಕಿದ್ದಳು. ಇವತ್ತು ಬಂತು. ಇಪ್ಪತ್ತೊಂದನೇ ತಾರೀಖಿನ ಬಸ್ಸಿಗೆ. ಅವಳ ಅಮ್ಮನಿಗೆ ಕಣ್ಣು ಪೂರ್ತಿ ಹೋಗಿದೆಯಂತೆ, ಹಾಸಿಗೆ ಹಿಡಿದಿದ್ದಾಳಂತೆ.

ನಮ್ಮಮ್ಮ ಪಾಸನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಶುರುವಾಯಿತು. ‘ನನ್ನ ಮಗನ್ನ ತಿಂದವರ ಊರಿಗೆ ಹೋಗ್ತೀಯಾ? ಹೋಗು. ಆದ್ರೆ ವಾಪಸ್ ಬಂದು ಈ ಹೊಸ್ತಿಲು ತುಳೀಬೇಡ.’

‘ಅವರು ನನಗೂ ಗಂಡ ಆಗಿದ್ರು ಅತ್ತೆ’ ಎಂದಳು ಅತ್ತಿಗೆ. ಅಷ್ಟೇ ಅಂದದ್ದು.

ಇಬ್ಬರೂ ನನ್ನ ಕಡೆ ನೋಡಿದರು. ಮನೆಯ ಗಂಡಸು ಏನಾದರೂ ಹೇಳಬೇಕಲ್ಲ. ನಾನು ಚಿಲಕ ಸರಿಯಿಲ್ಲ ಎಂದು ಬಾಗಿಲ ಹತ್ತಿರ ಹೋಗಿ ಸ್ಕ್ರೂ ತಿರುಗಿಸುತ್ತಾ ನಿಂತೆ. ಚಿಲಕ ಸರಿಯಾಗೇ ಇತ್ತು.

ಏಪ್ರಿಲ್ 10, ಗುರುವಾರ

ಟೀಚರಮ್ಮ ಬಿದ್ದರು.

ಏಪ್ರಿಲ್ 11, ಶುಕ್ರವಾರ

ನಿನ್ನೆ ಮುಂದೆ ಬರೆಯಲಾಗಲಿಲ್ಲ. ಆದದ್ದನ್ನು ಆದ ಹಾಗೇ ಇವತ್ತು ಬರೆಯುತ್ತೇನೆ.

ಆಚೆಯಿಂದ ವಾಪಸು ಬರುತ್ತಿದ್ದೆವು. ಮಾರ್ಕೆಟ್ ಸ್ಟಾಪಿನಲ್ಲಿ ಇಳಿಯುವವರು ತುಂಬಾ ಜನ. ಕೊನೆಯಲ್ಲಿ ಟೀಚರಮ್ಮ. ನಮ್ಮ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ನನಗೂ. ಅವರ ಒಂದು ಕಾಲು ಮೆಟ್ಟಿಲ ಮೇಲಿತ್ತು. ಇನ್ನೂ ನಿಂತಿರು ಎಂದು ಕಂಡಕ್ಟರ್ ಎರಡು ಊದಿದರು. ನಾನು ಹೊರಟೆ.

ನನ್ನ ತಲೆಯಲ್ಲಿ ಅಮ್ಮ, ಅತ್ತಿಗೆ, ಚಿಲಕ ಇದ್ದವು. ಕಿವಿಗೆ ಎರಡು ಬಿತ್ತು, ಕಾಲು ಹಳೆಯ ರೂಢಿಯಂತೆ ಒತ್ತಿತು. ಕನ್ನಡಿ ನೋಡಲಿಲ್ಲ. ಕಂಡಕ್ಟರ್ ಮತ್ತೆ ಎರಡು ಊದಿದರು, ನಾನು ಇನ್ನೂ ಒತ್ತಿದೆ. ಎರಡು ವಾರ ಸರಿಯಾಗಿ ಓಡಿಸಿ, ಬೇಕಾದ ದಿನ ಮರೆತೆ.

ಟೀಚರಮ್ಮನ ಸೊಂಟದ ಮೂಳೆ ಮುರಿದಿದೆ. ಜೀವಕ್ಕೆ ಅಪಾಯವಿಲ್ಲ. ಅವರಿಗೆ ಬಿದ್ದದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಜನ ಕ್ಷಣದಲ್ಲಿ ಮುತ್ತಿಕೊಂಡರು. ‘ಬೇಕಂತಲೇ ಊದಿದಾನೆ, ಆಚೆಯವನು ಬೇಕಂತಲೇ ಊದಿದಾನೆ.’ ಕಾಲರ್ ಹಿಡಿದು ಕೆಳಗೆಳೆದರು. ತರಕಾರಿ ತೂಗುವ ಕಬ್ಬಿಣದ ಕಲ್ಲು ಯಾರ ಕೈಯಲ್ಲಿತ್ತೋ, ಅದು ತಲೆಗೆ ಬಿತ್ತು. ಕನ್ನಡಿಯಲ್ಲಿ ಆಗ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ನನ್ನ ಎರಡೂ ಕೈ ಸ್ಟೇರಿಂಗ್ ಮೇಲಿದ್ದವು. ಇಳಿಯಬೇಕು ಎಂದುಕೊಂಡೆ. ಪೊಲೀಸರು ಬಂದು ಅವರನ್ನು ಜೀಪಿಗೆ ಹಾಕಿ ಸೇತುವೆಯ ಆಚೆ ಬಿಟ್ಟುಬರುವವರೆಗೂ ಇಳಿಯಬೇಕು ಇಳಿಯಬೇಕು ಎಂದುಕೊಳ್ಳುತ್ತಲೇ ಇದ್ದೆ.

ಸಂಜೆ ನಮ್ಮ ಕಡೆಯ ಪಕ್ಷವೊಂದರ ಅಧ್ಯಕ್ಷರೇ ಮನೆಗೆ ಬಂದರು. ಒಪ್ಪಂದ ಬೇಡ ಎಂದು ಮೊದಲಿನಿಂದ ಕೂಗುತ್ತಿದ್ದವರು. ಚುನಾವಣೆ ಹತ್ತಿರ. ಜೊತೆಗೆ ಕ್ಯಾಮೆರಾ ಹಿಡಿದ ಇಬ್ಬರು.

‘ಆಚೆಯವನು ಎಷ್ಟು ಸಲ ಊದಿದ?’

‘ಎರಡು ಸಲ ಊದಿದರು.’

‘ನಿಮ್ಮ ಡಿಪೋ ಆದೇಶದ ಪ್ರಕಾರ ಎರಡು ಅಂದ್ರೆ?’

‘ಹೊರಡು.’

‘ಅಷ್ಟು ಸಾಕು. ಇನ್ನೊಂದ್ಸಲ ಹೇಳು. ಆದ್ರೆ ಊದಿದರು ಅಂತ ಬಹುವಚನ ಯಾಕಪ್ಪಾ ಅವನಿಗೆ? ಊದಿದ ಅನ್ನು.’

ಕ್ಯಾಮೆರಾ ಹತ್ತಿರ ತಂದರು.

‘ಎರಡು ಸಲ ಊದಿದ’ ಎಂದೆ.

ಒಂದಕ್ಷರ ಸುಳ್ಳಿಲ್ಲ. ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಹುದು. ನಾವಿಬ್ಬರೂ ಗುಟ್ಟಾಗಿ ಪದ್ಧತಿ ಬದಲಿಸಿಕೊಂಡಿದ್ದೆವು, ಅದೂ ಆಚೆಯವರದ್ದಕ್ಕೆ, ಅದೂ ನಾನೇ ಮುಂದೆ ಬಿದ್ದು ಎನ್ನುವುದನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳಲಿಲ್ಲ. ಹೇಳಿದರೆ ಈ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ಏಪ್ರಿಲ್ 14, ಸೋಮವಾರ

ಬಸ್ಸು ನಿಂತಿದೆ. ಮಾರ್ಕೆಟ್ ಗೋಡೆಯ ಮೇಲೆಲ್ಲ ಪೋಸ್ಟರ್. ಒಂದು ಕಡೆ ಟೀಚರಮ್ಮನ ಫೋಟೊ, ಇನ್ನೊಂದು ಕಡೆ ನನ್ನದು. ಕೆಳಗೆ ‘ಇವರನ್ನು ನಂಬಬೇಕೆ?’ ಎಂದು ದೊಡ್ಡದಾಗಿ. ಅವರು ಕೇಳುತ್ತಿರುವುದು ಆಚೆಯವರ ಬಗ್ಗೆ. ಆದರೆ ಫೋಟೊ ನನ್ನದಲ್ಲವೇ? ದೂರದಿಂದ ನೋಡಿದರೆ ನನ್ನನ್ನೇ ನಂಬಬೇಕೆ ಎಂದು ಕೇಳಿದ ಹಾಗಿದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಕ್ಷೌರದಂಗಡಿಯವನು ಇವತ್ತು ದುಡ್ಡು ತೆಗೆದುಕೊಳ್ಳಲಿಲ್ಲ. ಅಮ್ಮ ಆರು ವಾರದ ಮೇಲೆ ಬಾಯಿ ತುಂಬಾ ಮಾತಾಡಿದಳು. ಬಿಸಿಬಿಸಿ ಬಡಿಸಿ, ಎದುರು ಕೂತು, ‘ತಿನ್ನು, ಸೊರಗಿದೀಯಾ’ ಎಂದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು.

ಅತ್ತಿಗೆ ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಬೀರುವಿಗೆ ಇಟ್ಟಳು. ಅಳಲಿಲ್ಲ. ಕೊನೆಯಲ್ಲಿ ಉಳಿದದ್ದು ಒಂದು ಉಣ್ಣೆಯ ಟೋಪಿ, ಅವಳಮ್ಮನಿಗೆ ಎಂದು ಹೆಣೆದದ್ದು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು.

ಏಪ್ರಿಲ್ 16, ಬುಧವಾರ

ಜಂಟಿ ಸಮಿತಿಯ ವಿಚಾರಣೆ. ಸೇತುವೆಯ ಮಧ್ಯದ ಹಳೆಯ ಸುಂಕದ ಕೋಣೆಯಲ್ಲಿ. ಆ ಕಡೆಯ ಮೂವರು, ಈ ಕಡೆಯ ಮೂವರು, ಮಧ್ಯದಲ್ಲಿ ನಿವೃತ್ತ ಜಡ್ಜ್. ಅವರು ಎರಡೂ ಕಡೆಯವರಲ್ಲ, ಎಲ್ಲಿಯವರೋ ದೂರದವರು. ಹೊರಗೆ ಎರಡೂ ದಡದಲ್ಲಿ ಜನ ಘೋಷಣೆ ಕೂಗುತ್ತಿದ್ದರು. ಕಂಡಕ್ಟರ್ ತಪ್ಪು ಒಪ್ಪದಿದ್ದರೆ ಬಸ್ಸು ಓಡಬಾರದು ಎಂದು ನಮ್ಮವರು. ಡ್ರೈವರ್ ತಪ್ಪು ಒಪ್ಪದಿದ್ದರೆ ಓಡಬಾರದು ಎಂದು ಅವರು.

ಕಂಡಕ್ಟರ್ ತಲೆಗೆ ದಪ್ಪ ಪಟ್ಟಿ. ಒಂದು ಕಿವಿ ಅದರೊಳಗೆ ಮುಚ್ಚಿಹೋಗಿತ್ತು.

ನನ್ನನ್ನು ಮೊದಲು ಕೇಳಿದರು. ಎರಡು ಊದಿದರು, ಆದೇಶದಂತೆ ಹೊರಟೆ ಎಂದೆ. ಆದೇಶ ಎಂದ ಮೇಲೆ ಕುಡಿಯಲು ಏನಾದರೂ ಕೊಡಿ ಎಂದೆ. ನೀರು ಕೊಟ್ಟರು.

ಆಮೇಲೆ ಕಂಡಕ್ಟರ್ ಸರದಿ. ಅವರು ನನ್ನನ್ನು ಒಂದು ಸಲ ನೋಡಿದರು. ಸಿಟ್ಟಿನಿಂದಲ್ಲ. ಬಸ್ಸಿನಲ್ಲಿ ಎಲ್ಲ ಇಳಿದರೇ ಎಂದು ಹಿಂದೆ ತಿರುಗಿ ನೋಡುತ್ತಾರಲ್ಲ, ಹಾಗೆ. ನಾನು ಮೇಜಿನ ಮೇಲಿನ ಲೋಟ ನೋಡಿದೆ.

‘ತಪ್ಪು ನಂದೇ ಸ್ವಾಮಿ. ಗಾಬರಿಯಲ್ಲಿ ನಮ್ಮ ಕಡೆಯ ರೂಢಿ ಬಂತು. ಎರಡು ಊದಿದೆ. ಡ್ರೈವರಣ್ಣಂದು ಏನೂ ಇಲ್ಲ.’

ಕೋಣೆಯಲ್ಲಿ ಒಂದೇ ಸಲ ಎಲ್ಲರೂ ಉಸಿರು ಬಿಟ್ಟರು. ನಮ್ಮವರಿಗೆ ಗೆಲುವು. ಅವರ ಕಡೆಯವರು ಮುಖ ಗಂಟು ಹಾಕಿಕೊಂಡರೂ ರುಜು ಹಾಕಿದರು. ಕಂಡಕ್ಟರನ್ನು ಕೆಲಸದಿಂದ ತೆಗೆಯುವುದು, ಸೋಮವಾರದಿಂದ ಬಸ್ಸು ಓಡಿಸುವುದು. ಅರ್ಧ ಗಂಟೆಯಲ್ಲಿ ಮುಗಿಯಿತು.

ಹೊರಗೆ ನಲ್ಲಿಯ ಹತ್ತಿರ ಕಂಡಕ್ಟರ್ ಹಿಂದೆ ಹೋದೆ. ‘ಯಾಕೆ ಹಾಗೆ ಹೇಳಿದ್ರಿ?’

ಅವರು ನಿಧಾನವಾಗಿ ಕೈ ತೊಳೆದುಕೊಂಡರು. ‘ನೀವು ಹೇಳ್ತೀರೇನೋ ಅಂತ ಕಾದೆ. ನೀವು ಹೇಳಲಿಲ್ಲ. ನಾನು ಹೇಳಿದ್ರೆ ಆಚೆಯವನ ಮಾತು ಅಂತಾರೆ. ನೀವು ಅಂತೀರಿ, ನಾನು ಅಂತೀನಿ, ಬಸ್ಸು ನಿಲ್ಲುತ್ತೆ. ಎಷ್ಟು ಜನ ಪಾಸ್ ಹಿಡ್ಕೊಂಡು ಕೂತಿದಾರೆ.’

‘ನಿಮ್ಮ ಕೆಲಸ?’

‘ಅದು ಹೋಯ್ತಲ್ಲ’ ಎಂದರು, ಪೆನ್ನು ಎಲ್ಲೋ ಬಿತ್ತು ಎನ್ನುವ ಹಾಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 18, ಶುಕ್ರವಾರ

ಜಡ್ಜ್ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಇಳಿದುಕೊಂಡಿರುವ ಹೋಟೆಲಿನ ರೂಮಿನಲ್ಲಿ ಬನಿಯನ್ ಹಾಕಿಕೊಂಡು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಪೂರ್ತಿ ಕೇಳಿ, ಸೂಜಿ ಪಕ್ಕಕ್ಕಿಟ್ಟರು.

‘ಒಂದೂವರೆ ವರ್ಷದಿಂದ ಎರಡೂ ಕಡೆಯವರನ್ನ ಒಂದೇ ಮೇಜಿಗೆ ಕೂರಿಸ್ತಿದೀನಿ. ನದಿ ನೀರಿನ ವಿಷಯ ಒಪ್ಪಲಿಲ್ಲ, ಕೈದಿಗಳ ವಿಷಯ ಒಪ್ಪಲಿಲ್ಲ, ಸತ್ತವರು ಎಷ್ಟು ಜನ ಅಂತ ಇವತ್ತಿಗೂ ಒಪ್ಪಿಲ್ಲ. ಆರೂ ಜನ ಒಂದೇ ಸಲ ರುಜು ಹಾಕಿದ್ದು ಇದೊಂದಕ್ಕೆ. ಆ ಕಂಡಕ್ಟರ್ ತಪ್ಪು ಮಾಡಿದ ಅನ್ನೋದಕ್ಕೆ. ಅದನ್ನೂ ಕಿತ್ಕೊಂಡು ಹೋಗಬೇಡಪ್ಪಾ.’

‘ಆದ್ರೆ ಅದು ಸುಳ್ಳಲ್ವಾ ಸರ್?’

‘ಸುಳ್ಳೇ. ಆದ್ರೆ ಸೋಮವಾರ ಬಸ್ಸು ಓಡುತ್ತೆ.’

ದೊಡ್ಡವರೇ ಬೇಡವೆಂದ ಮೇಲೆ ನನ್ನದೇನು? ಮೆಟ್ಟಿಲಿಳಿಯುವಾಗ ಮೈ ಹಗುರವಾಗಿತ್ತು. ಈಗ ಬರೆಯುವಾಗ ಆ ಹಗುರ ನೆನೆದು ಹೇಸಿಗೆಯಾಗುತ್ತಿದೆ.

ಏಪ್ರಿಲ್ 21, ಸೋಮವಾರ

ಅತ್ತಿಗೆ ಹೊರಟಳು. ಅಮ್ಮ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಬಸ್ಸಿನಲ್ಲಿ ಅತ್ತಿಗೆ ನನ್ನ ಹಿಂದಿನ ಸೀಟಿನಲ್ಲೇ ಕೂತಳು. ಹೊಸ ಕಂಡಕ್ಟರೂ ಆಚೆಯವನೇ, ಮುಖ ಕೊಟ್ಟು ಮಾತಾಡುವುದಿಲ್ಲ. ನಮ್ಮ ಪದ್ಧತಿಯಲ್ಲಿ ಅಚ್ಚುಕಟ್ಟಾಗಿ ಊದುತ್ತಾನೆ.

ಆಚೆ ಒಂದು ಗಂಟೆ ಸಮಯ. ಅವಳು ಇಳಿದವಳೇ ಓಡಿದಳು. ಅತ್ತಿಗೆ ಓಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ವಾಪಸು ಬರುವಾಗ ಕಣ್ಣು ಊದಿತ್ತು, ಮುಖ ಮಾತ್ರ ಹುಡುಗಿಯ ಮುಖ. ಅವಳಮ್ಮ ಕೈ ಮುಟ್ಟಿ ಮುಟ್ಟಿ ಗುರುತು ಹಿಡಿದದ್ದು, ಟೋಪಿ ಆಗಲೇ ಹಾಕಿಕೊಂಡದ್ದು, ಎಲ್ಲ ಹೇಳಿದಳು. ಮಧ್ಯದಲ್ಲಿ ಹೀಗೂ ಹೇಳಿದಳು. ‘ನಿನ್ನ ಜೊತೆ ಇದ್ದ ಕಂಡಕ್ಟರ್ ನಮ್ಮಮ್ಮನ ಬೀದಿಯವರೇ ಅಂತೆ. ಅಲ್ಲಿ ಎಲ್ಲ ಅವರನ್ನ “ಒಪ್ಕೊಂಡವನು” ಅಂತ ಕರೀತಾರೆ. ಊರಿನ ಮಾನ ಈಚೆಯವರ ಕಾಲಿಗೆ ಹಾಕಿ ಬಂದ ಅಂತ. ಅವರ ಹೆಂಡ್ತಿ ಗಿರಣಿಗೆ ಬಂದ್ರೆ ಯಾರೂ ಮಾತಾಡ್ಸಲ್ಲವಂತೆ. ಅವರು ಮನೆಯಿಂದ ಆಚೆಗೇ ಬರಲ್ಲವಂತೆ. ಪಾಪ, ಅಷ್ಟು ದೊಡ್ಡ ತಪ್ಪು ಮಾಡಬಾರದಿತ್ತು ಬಿಡು.’

ಆ ‘ಪಾಪ’ ನನ್ನನ್ನು ಮುಗಿಸಿತು. ಮನೆಯ ತಿರುವಿನಲ್ಲಿ ಅವಳನ್ನು ನಿಲ್ಲಿಸಿ ಎಲ್ಲ ಹೇಳಿದೆ. ಜಡ್ಜ್ ಹೇಳಿದ್ದನ್ನೂ ಹೇಳಿದೆ. ಈಗ ಬಾಯಿ ಬಿಟ್ಟರೆ ಬಸ್ಸು ನಿಲ್ಲುತ್ತದೆ, ನೀನು ಮತ್ತೆ ನಿನ್ನಮ್ಮನನ್ನು ನೋಡಲಾಗುವುದಿಲ್ಲ, ನಿನಗೋಸ್ಕರ ತಡೆದುಕೊಂಡಿದ್ದೇನೆ ಎಂದೆ.

ಅತ್ತಿಗೆ ಚೀಲ ಕೆಳಗಿಟ್ಟಳು. ‘ನಾನು ಅಮ್ಮನ ಕೈ ಹಿಡ್ಕೊಂಡು ಕೂತಿದ್ದಾಗ, ಆ ಮನುಷ್ಯ ನಾಲ್ಕು ಮನೆ ಆಚೆ ಬಾಗಿಲು ಹಾಕ್ಕೊಂಡು ಕೂತಿದ್ರಾ?’

ಹೂಂ ಎಂದೆ.

‘ನೀನು ಹೆದರ್ಕೊಂಡಿದ್ರೆ ಹೆದರ್ಕೋ. ಅದಕ್ಕೆ ನನ್ನನ್ನ ಅಡ್ಡ ಹಿಡೀಬೇಡ.’

ಅವಳೇ ಚೀಲ ಎತ್ತಿಕೊಂಡು ನಡೆದಳು. ಅಮ್ಮ ಬಾಗಿಲ ಚಿಲಕ ಹಾಕಿರಲಿಲ್ಲ, ಅತ್ತಿಗೆ ಹೊಸ್ತಿಲು ದಾಟಿ ಒಳಗೆ ಹೋದಳು.

ಏಪ್ರಿಲ್ 24, ಗುರುವಾರ

ಹೇಳಿದೆ. ನಮ್ಮ ಕಡೆಯಲ್ಲಿ ಅಲ್ಲ, ಅಧ್ಯಕ್ಷರ ಎದುರಲ್ಲೂ ಅಲ್ಲ. ಆಚೆ ಸ್ಟ್ಯಾಂಡಿನಲ್ಲಿ, ವಾಪಸು ಹೊರಡುವ ಮೊದಲು. ಕಂಡಕ್ಟರ್ ಹೆಸರು ಕೆಟ್ಟಿರುವುದು ಅಲ್ಲಿ ತಾನೆ?

ಭಾಷಣ ನನಗೆ ಬರುವುದಿಲ್ಲ. ಬಾಗಿಲ ಮೆಟ್ಟಿಲ ಮೇಲೆ ನಿಂತು, ‘ಸ್ವಲ್ಪ ಕೇಳಿ’ ಎಂದೆ. ಯಾರೂ ಕೇಳಲಿಲ್ಲ. ಹಾರ್ನ್ ಹೊಡೆದು ಬಂದು ಮತ್ತೆ ನಿಂತೆ. ಆಗ ತಿರುಗಿದರು.

‘ಟೀಚರಮ್ಮ ಬಿದ್ದದ್ದು ನನ್ನಿಂದ. ನಿಮ್ಮ ಪದ್ಧತೀಲೇ ಊದಿ ಅಂತ ನಾನೇ ನಿಮ್ಮ ಕಂಡಕ್ಟರಿಗೆ ಹೇಳಿದ್ದೆ. ಅವರು ನಿಲ್ಲು ಅಂತ ಸರಿಯಾಗೇ ಊದಿದರು. ನಾನು ಮರೆತು ಹೊರಟೆ. ವಿಚಾರಣೆಯಲ್ಲಿ ಬಾಯಿ ಮುಚ್ಕೊಂಡಿದ್ದೆ. ಬಸ್ಸು ನಿಲ್ಲಬಾರದು ಅಂತ ಅವರು ನನ್ನ ತಪ್ಪನ್ನ ತಲೆ ಮೇಲೆ ಹಾಕ್ಕೊಂಡ್ರು.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾಕೆ ತಟ್ಟಬೇಕು? ಗಿರಣಿಯ ಮುಂದೆ ನಿಂತಿದ್ದ ಮುದುಕ, ‘ಅವತ್ತು ಹೇಳೋಕೆ ನಾಲಿಗೆ ಎಲ್ಲಿಟ್ಟಿದ್ದೆ?’ ಎಂದ. ಒಬ್ಬ ಹೆಂಗಸು ನನ್ನ ಕಾಲ ಹತ್ತಿರ ಉಗುಳಿದಳು. ಹೊಸ ಕಂಡಕ್ಟರ್ ನನ್ನನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದ. ಹಳೆಯ ಕಂಡಕ್ಟರ್ ಅಲ್ಲಿರಲಿಲ್ಲ. ಯಾರೋ ಇಬ್ಬರು ಅವರ ಬೀದಿಯ ಕಡೆ ಬೇಗ ಬೇಗ ಹೋದದ್ದು ಕಂಡಿತು. ನಮ್ಮ ಕಡೆಯ ಪ್ರಯಾಣಿಕರು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತರು.

ನಮ್ಮ ಗೇಟು ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಮ್ಯಾನೇಜರ್ ಕೈ ಚಾಚಿದರು, ಬೀಗದ ಕೈ ಕೊಟ್ಟೆ. ‘ಚಪ್ಪಲಿ ಹಾಕ್ಕೊಂಡು ಬರಬಾರದಿತ್ತು ಕಣೋ ಅವತ್ತು’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಏಪ್ರಿಲ್ 26, ಶನಿವಾರ

ಪೋಸ್ಟರಿನಲ್ಲಿ ನನ್ನ ಮುಖಕ್ಕೆ ಯಾರೋ ಡಾಂಬರು ಬಳಿದಿದ್ದಾರೆ. ಟೀಚರಮ್ಮನ ಮುಖ ಬಿಟ್ಟು ಜಾಗರೂಕತೆಯಿಂದ ಬಳಿದಿದ್ದಾರೆ. ಕ್ಷೌರದಂಗಡಿಯವನು ನನ್ನನ್ನು ಕಂಡು ಅಂಗಡಿಯ ಪರದೆ ಎಳೆದ. ಆಚೆಯ ನಾಯಕರು ಮೈಕು ಹಾಕಿಸಿ, ಈಚೆಯವರು ಎಂಥ ಸುಳ್ಳರು ನೋಡಿ ಎಂದು ನನ್ನ ಮಾತನ್ನೇ ದಿನವಿಡೀ ಕೂಗಿಸುತ್ತಿದ್ದಾರಂತೆ. ನಾನು ಹೇಳಿದ್ದನ್ನು ಅಧ್ಯಕ್ಷರು ಬಳಸಿಕೊಂಡರು, ಈಗ ಇವರೂ ಬಳಸಿಕೊಂಡರು. ಬಸ್ಸು ಎರಡು ವಾರ ಇಲ್ಲ. ಆಮೇಲೂ ಓಡುತ್ತದೋ ಇಲ್ಲವೋ, ಸಮಿತಿ ಮತ್ತೆ ಕೂರಬೇಕು. ಜಡ್ಜ್ ಸಾಹೇಬರು ನನ್ನನ್ನು ಕರೆಸಿಲ್ಲ. ಅವರ ಮುಖ ನೋಡುವ ಧೈರ್ಯ ನನಗೂ ಇಲ್ಲ.

ಅತ್ತಿಗೆ ಎಂದಿನಂತೆ ಕೆಲಸಕ್ಕೆ ಹೋದಳು. ಹೋಗುವಾಗ ‘ಬರ್ತೀನಿ’ ಎಂದು ಹೇಳಿಹೋದಳು. ಸೋಮವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದಳು.

ಅಮ್ಮ ಎರಡು ದಿನ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ಇವತ್ತು ಮಧ್ಯಾಹ್ನ ಬಡಿಸಿದಳು. ತಟ್ಟೆ ಕುಕ್ಕಲಿಲ್ಲ. ಅಣ್ಣನ ಕೋಟಿನ ಕೆಳಗೆ ಗೋಡೆಗೆ ಒರಗಿ ಕೂತು, ಬಹಳ ಹೊತ್ತು ಸೆರಗಿನ ಅಂಚು ಎಳೆಯುತ್ತಿದ್ದಳು. ಬೈಗುಳಕ್ಕೆ ತಯಾರಾಗಿದ್ದೆ. ಬೈದರೆ ಒಂದು ಮಾತೂ ಎದುರಾಡಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ.

‘ಆ ಮನುಷ್ಯನ ತಲೆಗಾಯ ಹೇಗಿದೆ ಈಗ?’ ಎಂದಳು.

ಕೈ ತಟ್ಟೆಯಲ್ಲೇ ನಿಂತಿತು. ವಿಚಾರಣೆಯ ದಿನ ಪಟ್ಟಿ ಕಟ್ಟಿದ ತಲೆ ನೋಡಿದೆ. ನಲ್ಲಿಯ ಹತ್ತಿರ ಮೊಳದಂತರದಲ್ಲಿ ನಿಂತು ಮಾತಾಡಿದೆ. ಜಡ್ಜ್ ಹತ್ತಿರ ಹೋದ ದಿನ, ಅತ್ತಿಗೆಗೆ ಹೇಳಿದ ದಿನ, ಮೊನ್ನೆ ಆ ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ ನನ್ನ ತಪ್ಪು, ನನ್ನ ಹೆದರಿಕೆ, ನನ್ನ ನಾಚಿಕೆ.

‘ಗೊತ್ತಿಲ್ಲಮ್ಮ. ನಾನು ಕೇಳಲೇ ಇಲ್ಲ.’

ಅಮ್ಮ ನನ್ನನ್ನು ನೋಡಿದಳು. ಇಷ್ಟು ದಿನ ಸೇತುವೆ ದಾಟಿ ಬಂದಾಗ ನೋಡುತ್ತಿದ್ದಳಲ್ಲ, ಆ ನೋಟವೂ ಇದರ ಮುಂದೆ ಏನೂ ಅಲ್ಲ.

‘ಅಷ್ಟಾದ್ರೂ ಕೇಳಬೇಕಿತ್ತು ಕಣೋ’ ಎಂದಳು.